ಎಡೆದೊರೆ ನಾಡಿನಲ್ಲಿ ತಂಪು ಕಾಫಿ

ಕೃಷ್ಣೆಗೂ ತುಂಗಭದ್ರೆಗೂ ನಡುವಣ ನಾಡನ್ನು ನಮ್ಮ ಪೂರ್ವಿಕರು ಎಡೆದೊರೆಯೆಂದು ಕರೆದರು. ತೊರೆಗಳ ಎಡೆಯಲ್ಲಿರುವುದೆಂದು ಅರ್ಥ. ಪಾರಸಿ ಬಲ್ಲವರು ಕೊಟ್ಟ ದೋಆಬ್ ಎಂಬ ಹೆಸರಿಗೂ ಎರಡು ನೀರುಗಳೆಂದೇ ಅರ್ಥ. ಹೆಸರನ್ನಷ್ಟೇ ಕೇಳಿದವರು ಇಲ್ಲಿ ಕಾಲಿಟ್ಟಲ್ಲೆಲ್ಲ ನೀರು ಚಿಮ್ಮುವುದೆಂದು ಎಣಿಸಿಯಾರು. ವೈಶಾಖದ ಮಧ್ಯಾಹ್ನ ರಾಯಚೂರಿನ ನಿಲ್ದಾಣದಲ್ಲಿ ಗಾಡಿಯಿಂದಿಳಿದರೆ ಆ ಎಣಿಕೆ ಬಹಳ ಹೊತ್ತು ನಿಲ್ಲಲಾರದು. ನಾವು ಇಳಿದ ದಿನ ನೆರಳಿನಲ್ಲಿಯೇ 41 ಡಿಗ್ರಿ ಕಾವು. ಕಲ್ಲುಬಂಡೆಯ ಬೆಟ್ಟಗಳು ಹಗಲೆಲ್ಲ ಹೀರಿದ ಬಿಸಿಲನ್ನು ಕತ್ತಲಾದ ಮೇಲೂ ಊರಿನ ಮೇಲೆ ಕಾರುತ್ತಿದ್ದವು. ಇಲ್ಲಿರುವುದು ಎರಡೇ ಕಾಲ, ಒಂದು ಬೇಸಗೆ, ಇನ್ನೊಂದು ಕಡುಬೇಸಗೆ, ಎಂದು ಊರಿನವರೇ ನಗುವರು.

ಬೇಸಗೆ ಮೊದಲಾದೊಡನೆ ತಂಪು ಕಾಫಿಯನ್ನು ಮನೆಯಲ್ಲಿಯೇ ರುಚಿಯಾಗಿ ಮಾಡುವುದು ಹೇಗೆಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುವುದು. ಬೆಂಗಳೂರಿನ ತಂಗಾಳಿಯಲ್ಲಿ ಕುಳಿತು ಅದಕ್ಕೆ ಉತ್ತರ ಬರೆಯುವುದು ಸುಲಭ. ಆದರೆ ನಾಯಿಯೂ ನೆರಳನ್ನು ಹುಡುಕಿಕೊಂಡು ಅಲೆಯುವಂಥ ಊರಿನಲ್ಲಿ ಮಾಡಿ, ಮಾಡುವವರನ್ನು ಕಂಡು ಬರೆದರೆ ಮಾತಿಗೆ ತೂಕವಿರುವುದೆಂದು ನಾವು ರಾಯಚೂರು, ಮಾನವಿ, ದೇವದುರ್ಗಗಳನ್ನು ಸುತ್ತಿ ಬಂದೆವು. ಕಾಫಿಯ ವಿಚಾರವನ್ನು ತಿಳಿಯಲೆಂದು ಹೊರಟ ನಮಗೆ ದಾರಿಯುದ್ದಕ್ಕೂ ಎದುರಾದುದು ನೀರಿನ ವಿಚಾರ. ಕಷಾಯವನ್ನು ಇಳಿಸುವ ನೀರು, ಅದನ್ನು ಆರಿಸುವ ನೀರು, ಗಡ್ಡೆಯಾಗಿ ಅದರೊಳಗೆ ಬೀಳುವ ನೀರು, ಈ ಮೂರೂ ಸರಿಯಾಗಿದ್ದರೆ ಸಾಧಾರಣವಾದ ಪುಡಿಯಿಂದಲೂ ಒಳ್ಳೆಯ ತಂಪು ಕಾಫಿ ಸಿದ್ಧವಾಗುವುದು. ಅವು ಕೆಟ್ಟಿದ್ದರೆ ಚಿಕ್ಕಮಗಳೂರಿನ ಉತ್ತಮೋತ್ತಮ ಬೀಜವೂ ವ್ಯರ್ಥವೇ.

ಮೊದಲಿಗೆ ಒಂದು ಸಂಗತಿಯನ್ನು ಹೇಳಿಬಿಡಬೇಕು. ರಾಯಚೂರು ಸೀಮೆ ಕಾಫಿಯ ಸೀಮೆಯಲ್ಲ, ಚಹಾದ ಸೀಮೆ. ಮನೆಗೆ ಬಂದವರಿಗೆ ‘ಬರ್ರಿ, ಕುಂದರ್ರಿ, ಚಾ ಕುಡೀರಿ’ ಎಂಬುದೇ ಇಲ್ಲಿಯ ಸ್ವಾಗತ. ಇದಕ್ಕೆ ಕಾರಣವಿಲ್ಲದಿಲ್ಲ. 1948ರವರೆಗೆ ಈ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಾಫಿಯ ತೋಟಗಳಿದ್ದ ಮೈಸೂರು ಮತ್ತು ಕೊಡಗುಗಳು ಬೇರೆ ಬೇರೆ ರಾಜ್ಯಗಳಾಗಿದ್ದವು. ಬಾಬಾಬುಡನ್ನರು ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಕಥೆ ಸುಮಾರು ಮುನ್ನೂರೈವತ್ತು ವರ್ಷಗಳಷ್ಟು ಹಿಂದಿನದು. ಆ ಬೆಟ್ಟವೂ ರಾಯಚೂರಿನ ಕೋಟೆಯೂ ಒಂದೇ ರಾಜ್ಯಕ್ಕೆ ಸೇರಿದುದು 1956ರ ನವೆಂಬರ್ 1ರಂದು. ಆದರೂ ಕಾಫಿ ಅದಕ್ಕೆ ಮುಂಚೆಯೇ ಇಲ್ಲಿಗೆ ಬರುವ ದಾರಿಯನ್ನು ಕಂಡುಕೊಂಡಿತ್ತು. ತುಂಗಭದ್ರೆಯ ಆಚೆ ದಡದ ಮಂತ್ರಾಲಯಕ್ಕೆ ಮೈಸೂರು, ತಂಜಾವೂರು ಸೀಮೆಗಳಿಂದ ಬರುವ ಯಾತ್ರಿಕರು ಮಡಿಬಟ್ಟೆಯನ್ನು ಮರೆತಾರು, ಕಾಫಿ ಫಿಲ್ಟರನ್ನು ಮರೆಯಲಾರರು. ಏಕಾದಶಿಯ ದಿನ ಅನ್ನವನ್ನು ಬಿಟ್ಟವರೂ ಕಾಫಿಯನ್ನು ಬಿಡಲಾರರೆಂಬ ಹಾಸ್ಯ ಇಲ್ಲಿಯೂ ಕೇಳಿಬರುವುದು.

ಇನ್ನು ಮಂಜುಗಡ್ಡೆ. ಈ ಸೀಮೆಯಲ್ಲಿ ಅದಕ್ಕೆ ಬರ್ಫೆಂದು ಹೆಸರು. ನಾವೂ ಹಾಗೆಯೇ ಕರೆಯುವೆವು. ಯಂತ್ರದಿಂದ ಬರ್ಫು ಮಾಡುವುದು ರೂಢಿಗೆ ಬರುವ ಮುನ್ನ ನಮ್ಮ ದೇಶದ ಬಂದರುಗಳಿಗೆ ಅದು ಅಮೆರಿಕದಿಂದ ಹಡಗಿನಲ್ಲಿ ಬರುತ್ತಿತ್ತೆಂದರೆ ಇಂದಿನ ಮಕ್ಕಳು ನಂಬಲಾರರು. 1833ರಲ್ಲಿ ಬಾಸ್ಟನ್ನಿನಿಂದ ಹೊರಟ ಒಂದು ಹಡಗು ಸರೋವರಗಳಿಂದ ಕೊಯ್ದ ಸುಮಾರು 180 ಟನ್ ಮಂಜುಗಡ್ಡೆಯನ್ನು ಹೊತ್ತು ನಾಲ್ಕು ತಿಂಗಳು ಕಡಲಿನಲ್ಲಿದ್ದು ಕಲ್ಕತ್ತೆಯನ್ನು ಸೇರಿತು. ಅರ್ಧಕ್ಕಿಂತ ಹೆಚ್ಚು ಕರಗದೆ ಉಳಿದಿತ್ತು. ಅದನ್ನು ಕಾಪಾಡಿದುದು ಮರದ ಹೊಟ್ಟು. ಮದರಾಸಿನ ಕಡಲ ತೀರದಲ್ಲಿ ಇದಕ್ಕಾಗಿಯೇ ಕಟ್ಟಿದ ಐಸ್ ಹೌಸ್ ಇಂದಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದುದರಿಂದ ಈಗ ಅವರ ಹೆಸರನ್ನೇ ಹೊತ್ತಿದೆ. 1871ರಲ್ಲಿ ಮುಂಬಯಿಯಿಂದ ಬಂದ ಕಂಬಿಯೂ ಮದರಾಸಿನಿಂದ ಬಂದ ಕಂಬಿಯೂ ಕೂಡಿದುದು ಇದೇ ರಾಯಚೂರಿನಲ್ಲಿ. ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಹೋಗುವವರೆಲ್ಲ ಈ ಬಿಸಿಲಿನ ಊರನ್ನು ದಾಟಲೇಬೇಕಾಗಿತ್ತು. ಅವರಲ್ಲಿ ಎಷ್ಟು ಮಂದಿ ಇಲ್ಲಿ ಒಂದು ತುಂಡು ಬರ್ಫಿಗಾಗಿ ಹಂಬಲಿಸಿದರೋ!

ಸಂಜೆಗೆ ಕೋಟೆಯನ್ನು ನೋಡಿ ಬಂದೆವು. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿಯು ಕಟ್ಟಿಸಿದನೆಂದು ಹೇಳುವ ಶಾಸನವನ್ನು ಕೊರೆದ ನೀಳವಾದ ಕಲ್ಲು, 1513ರ ಏಕ್ ಮಿನಾರ್ ಮಸೀದಿ, ಕೋಟೆಯ ಬುಡದ ಕೆರೆ, ಇವುಗಳ ವರ್ಣನೆ ಬೇರೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಮಾತನ್ನು ಮಾತ್ರ ಇಲ್ಲಿ ಹೇಳುವೆವು. 1520ರಲ್ಲಿ ಕೃಷ್ಣದೇವರಾಯನೂ ವಿಜಾಪುರದ ಇಸ್ಮಾಯಿಲ್ ಆದಿಲಶಾಹನೂ ಈ ಕೋಟೆಗಾಗಿ ಕಾದಾಡಿದಾಗ ಫಿರಂಗಿಗಳ ಮದ್ದಿನಲ್ಲಿ ಮುಖ್ಯವಾಗಿದ್ದುದು ಪೆಟ್ಲುಪ್ಪು. ಅದೇ ಪೆಟ್ಲುಪ್ಪನ್ನು ನೀರಿನಲ್ಲಿ ಕರಗಿಸಿದರೆ ನೀರು ಬೇಗನೆ ತಣ್ಣಗಾಗುವುದು. ಆ ನೀರಿನಲ್ಲಿ ಕುಡಿಯುವ ನೀರಿನ ಹೂಜಿಯನ್ನಿಟ್ಟು ತಿರುವಿ ತಂಪುಮಾಡುವ ಕ್ರಮವನ್ನು ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದಿಟ್ಟಿರುವನು. ಬೆಂಕಿಯನ್ನು ಕಾರುವ ವಸ್ತುವೇ ಬಾಯಾರಿಕೆಗೂ ಒದಗಿತೆಂಬುದು ವಿಚಿತ್ರವಲ್ಲವೆ? ಗೃಹಿಣಿಯರು ಇದನ್ನು ಪ್ರಯೋಗಿಸುವುದು ಬೇಡ. ಆ ಉಪ್ಪು ಹೊಟ್ಟೆಗೆ ಒಳ್ಳೆಯದಲ್ಲ. ಆದರೆ ಪಾತ್ರೆಯೊಳಗಿನದನ್ನು ಹೊರಗಿನಿಂದ ತಂಪುಮಾಡಬೇಕು, ತಂಪುಮಾಡುವ ವಸ್ತು ಒಳಗೆ ಬೀಳಬಾರದು, ಎಂಬ ಅದರ ತತ್ತ್ವವನ್ನು ಮನಸ್ಸಿನಲ್ಲಿಡಬೇಕು.

ಏಕೆಂದರೆ ಮರುದಿನ ತೀನ್ ಕಂದೀಲಿನ ಕಡೆಯಿಂದ ಹಿಂದಿರುಗುವಾಗ ನಾವು ಹೊಕ್ಕ ಒಂದು ಉಪಾಹಾರಗೃಹದಲ್ಲಿ ನಡೆದುದು ಇದರ ವಿರುದ್ಧ. ಅದರ ಹೆಸರು ಬೇಡ. ಎಲ್ಲ ಊರುಗಳಲ್ಲಿಯೂ ಇದೇ ಕಥೆ. ಕುದಿಯುತ್ತಿದ್ದ ಹಾಲುಕಾಫಿಯನ್ನು ಹುಡುಗನು ಗಾಜಿನ ಲೋಟಕ್ಕೆ ಸುರಿದು ಮೇಲೆ ಬರ್ಫಿನ ಚೂರುಗಳನ್ನು ಒಟ್ಟಿದನು. ಚೂರುಗಳು ಕಣ್ಣೆದುರಿಗೇ ಕರಗಿದವು, ಇನ್ನಷ್ಟು ಹಾಕಿದನು, ಅವೂ ಕರಗಿದವು. ಕೊನೆಗೆ ನಮ್ಮ ಮುಂದೆ ಬಂದುದು ಕಾಫಿ ತೊಳೆದ ನೀರು.

ಈ ದೋಷದ ಲೆಕ್ಕ ಶಾಲೆಯ ಮಕ್ಕಳಿಗೂ ತಿಳಿಯುವಂಥದು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಆರಿಸಬೇಕಾದರೆ ಅದರಿಂದ ಒಂದು ಕ್ಯಾಲೊರಿ ಶಾಖವನ್ನು ತೆಗೆಯಬೇಕು. ಒಂದು ಗ್ರಾಂ ಬರ್ಫು ಕರಗುವಾಗ 80 ಕ್ಯಾಲೊರಿಗಳನ್ನು ಹೀರಿಕೊಳ್ಳುವುದು. ಕರಗಿದ ನೀರು ಆರು ಡಿಗ್ರಿಗೆ ಏರುವಾಗ ಇನ್ನೂ ಆರನ್ನು ಹೀರುವುದು. ನಾಲ್ಕು ಜನರಿಗಾಗುವ ಹಾಲುಕಾಫಿ 580 ಗ್ರಾಂ ಎಂದಿಟ್ಟುಕೊಳ್ಳೋಣ. 75 ಡಿಗ್ರಿಯಲ್ಲಿರುವ ಅದನ್ನು ಬರ್ಫಿನಿಂದಲೇ ಆರು ಡಿಗ್ರಿಗೆ ಇಳಿಸಹೊರಟರೆ 465 ಗ್ರಾಂ ಬರ್ಫು ಬೇಕು. ಅಂದರೆ ಲೋಟದಲ್ಲಿ ಅರ್ಧಕ್ಕೆ ಸ್ವಲ್ಪವೇ ಕಡಿಮೆ ನೀರು. ಅದನ್ನೇ ಮೊದಲು 28 ಡಿಗ್ರಿಗೆ ಆರಿಸಿಕೊಂಡರೆ 148 ಗ್ರಾಂ ಸಾಕು. ನೀರಿನ ಪಾಲು ಐದರಲ್ಲಿ ಒಂದು ಮಾತ್ರ. ಬರ್ಫು ಮೂರರಲ್ಲಿ ಎರಡು ಭಾಗ ಉಳಿಯಿತು, ಕಾಫಿಯ ರುಚಿಯೂ ಉಳಿಯಿತು. 75ರಿಂದ 28ರವರೆಗಿನ ಇಳಿತವನ್ನು ಬರ್ಫಿಲ್ಲದೆ ಸಾಧಿಸುವುದರಲ್ಲಿಯೇ ಜಾಣತನವೆಲ್ಲ ಇರುವುದು.

ಬರ್ಫನ್ನು ಮಿತವಾಗಿ ಬಳಸಬೇಕೆಂಬುದಕ್ಕೆ ರುಚಿಗಿಂತ ದೊಡ್ಡದಾದ ಇನ್ನೊಂದು ಕಾರಣವಿದೆ. 2022ರ ಮೇ ತಿಂಗಳ ಕೊನೆಯಲ್ಲಿಯೂ ಜೂನ್ ಮೊದಲಿನಲ್ಲಿಯೂ ಈ ರಾಯಚೂರು ನಗರದಲ್ಲಿಯೇ ಕೊಳವೆಯಲ್ಲಿ ಬಂದ ಕಲುಷಿತ ನೀರನ್ನು ಕುಡಿದು ಅನೇಕರು ವಾಂತಿಭೇದಿಗೆ ಗುರಿಯಾದರು. ಕೆಲವರು ಪ್ರಾಣವನ್ನೇ ಬಿಟ್ಟರು. ಎರಡು ಮಹಾನದಿಗಳ ನಡುವೆ ಕುಳಿತ ಊರಿನಲ್ಲಿ ಒಂದು ಲೋಟ ನೀರಿಗೆ ಜೀವ ತೆರಬೇಕಾಯಿತು. ಅಂದಿನಿಂದ ಇಲ್ಲಿಯ ತಾಯಂದಿರು ನೀರನ್ನು ಕುದಿಸಿಯೇ ಮಕ್ಕಳಿಗೆ ಕೊಡುವೆವೆಂದು ನಮ್ಮೊಡನೆ ಹೇಳಿದರು. ಬಹಳ ಒಳ್ಳೆಯದು. ಆದರೆ ಕುದಿಸಿ ಆರಿಸಿದ ನೀರಿನೊಳಗೆ ಪೇಟೆಯ ಬರ್ಫಿನ ತುಂಡನ್ನು ಹಾಕುವುದನ್ನೂ ಒಂದೆರಡು ಮನೆಗಳಲ್ಲಿ ಕಂಡೆವು! ಹೆಪ್ಪುಗಟ್ಟಿದ ಮಾತ್ರಕ್ಕೆ ನೀರು ಶುದ್ಧವಾಗುವುದೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಅದು ಸುಳ್ಳು. ಕುದಿತವು ರೋಗದ ಕ್ರಿಮಿಗಳನ್ನು ಕೊಲ್ಲುವುದು; ಹೆಪ್ಪುಗಟ್ಟುವಿಕೆಯು ಅವುಗಳಲ್ಲಿ ಎಷ್ಟನ್ನೋ ನಿದ್ದೆಗೆ ಹಾಕುವುದಷ್ಟೆ. ಬರ್ಫು ಕರಗಿದೊಡನೆ ಅವು ಎಚ್ಚರಗೊಳ್ಳುವುವು. ಇದಲ್ಲದೆ ಗೋಣಿಯಲ್ಲಿ ಸುತ್ತಿ ಬೀದಿಯಲ್ಲಿ ಎಳೆದು ತರುವ ದಿಮ್ಮಿಗಳಲ್ಲಿ ಬಹುಪಾಲು ಮೀನನ್ನೂ ಬೇರೆ ಸರಕನ್ನೂ ಕೆಡದಂತೆ ಇಡುವುದಕ್ಕಾಗಿ ಮಾಡಿದವು, ಕುಡಿಯುವುದಕ್ಕಾಗಿ ಅಲ್ಲ. ನೆರೆಯ ಮಹಾರಾಷ್ಟ್ರದಲ್ಲಿ 2018ರಲ್ಲಿ ಅಂಥ ಬರ್ಫಿಗೆ ನೀಲಿಯ ಬಣ್ಣವನ್ನು ಬೆರೆಸಬೇಕೆಂದು ಕಟ್ಟಳೆ ಮಾಡಿದರು. ಬಣ್ಣವಿಲ್ಲದ ದಿಮ್ಮಿಯ ಹುಟ್ಟನ್ನು ಯಾರು ಬಲ್ಲರು? ಅತಿಥಿಗೆ ಕೊಡುವ ಲೋಟದಲ್ಲಿ ಪೇಟೆಯ ಬರ್ಫು ಬೀಳಕೂಡದೆಂಬುದು ನಮ್ಮ ನಿಶ್ಚಿತವಾದ ಅಭಿಪ್ರಾಯ. ಬರ್ಫು ಇಲ್ಲದಿದ್ದರೆ ಇಲ್ಲ. ಇಲ್ಲದೆಯೂ ತಂಪು ಕಾಫಿಯಾಗುವುದೆಂಬುದನ್ನು ಮಾನವಿಯಲ್ಲಿ ನೋಡಿದೆವು.

ರಾಯಚೂರಿನಿಂದ ನೈಋತ್ಯಕ್ಕೆ ಮೋಟಾರಿನಲ್ಲಿ ಒಂದು ಗಂಟೆ ಹೋದರೆ ಮಾನವಿ. ಮೊದಮೊದಲು ಎರೆಯ ಹೊಲಗಳು ಬಿರುಕುಬಿಟ್ಟು ಬಾಯ್ದೆರೆದು ಮಲಗಿರುವುವು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಎಡದಂಡೆಯ ಕಾಲುವೆ ಈ ಸೀಮೆಗೂ ಬಂದಿತು. ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಭತ್ತದ ಗದ್ದೆಗಳಾದವು. ಕಾಲುವೆಯಲ್ಲಿ ನೀರಿರುವ ತಿಂಗಳುಗಳಲ್ಲಿ ಬಂದವರಿಗೆ ಇದು ಬೇರೆಯೇ ನಾಡೆಂದು ತೋರುವುದು. ನಾವು ಹೋದಾಗ ಕಾಲುವೆ ಒಣಗಿತ್ತು.

ಮಾನವಿಯೆಂದೊಡನೆ ಹರಿದಾಸರ ನೆನಪಾಗದೆ ಇರದು. ವಿಜಯದಾಸರು ಹುಟ್ಟಿದ ಚೀಕಲಪರವಿ ಈ ತಾಲ್ಲೂಕಿನದು. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಬಾಳಿದುದು ಈ ಊರಿನಲ್ಲಿ. ಪಂಡಿತರಾಗಿದ್ದ ಅವರು ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂದೂ, ಆ ನೆಪವೇ ನಿಜವಾಗಿ ಅವರನ್ನು ಬಹುಕಾಲ ಬಾಧಿಸಿತೆಂದೂ, ಕೊನೆಗೆ ಗೋಪಾಲದಾಸರ ಅನುಗ್ರಹದಿಂದ ನೀಗಿತೆಂದೂ ಕಥೆಯಿದೆ. ಈ ಕಥೆಯನ್ನು ಕೇಳಿದ ಮೇಲೆ ಮಾನವಿಯಲ್ಲಿ ಯಾರಾದರೂ ಕರೆದರೆ ಒಲ್ಲೆನೆನ್ನುವ ಧೈರ್ಯ ನಮಗೆ ಬರಲಿಲ್ಲ.

ನಮ್ಮನ್ನು ಕರೆದವರು ಎಪ್ಪತ್ತು ದಾಟಿದ ಒಬ್ಬ ಹಿರಿಯ ಮುತ್ತೈದೆ. ಅವರ ತವರು ಮೈಸೂರಿನ ಕಡೆ. ಮದುವೆಯಾಗಿ ಇಲ್ಲಿಗೆ ಬಂದು ಐವತ್ತು ವರ್ಷಗಳು ಕಳೆದಿದ್ದರೂ ಕಾಫಿಯ ಅಭ್ಯಾಸ ಬಿಟ್ಟಿರಲಿಲ್ಲ. ಅವರ ಪಡಸಾಲೆಯ ಮೂಲೆಯಲ್ಲಿ, ಗಾಳಿ ಬರುವ ಕಿಟಕಿಯ ಕೆಳಗೆ, ಒದ್ದೆಯಾದ ಉಸುಕಿನ ಹಾಸಿನ ಮೇಲೆ ಒಂದು ದೊಡ್ಡ ಹರವಿ ಕುಳಿತಿತ್ತು. ಅದರ ಮೈಯೆಲ್ಲ ಬೆವರಿತ್ತು. ಹೊರಗೆ 41 ಡಿಗ್ರಿ ಇದ್ದಾಗ ನಮ್ಮ ಉಷ್ಣಮಾಪಕವನ್ನು ಅದರ ನೀರಿನಲ್ಲಿಳಿಸಿ ನೋಡಿದೆವು. 27 ಡಿಗ್ರಿಯನ್ನು ತೋರಿಸಿತು.

‘ತಂಗೀ, ಬರ್ಫ ಯಾತಕ್ಕ?’ ಎಂದರು ಆ ತಾಯಿ, ನಮ್ಮ ಜೊತೆಯಲ್ಲಿದ್ದ ಗೃಹಿಣಿಯನ್ನು ನೋಡಿ. ‘ನಮ್ಮ ಹರವಿ ಐತಲ್ಲ, ಅದು ದುಡ್ಡಿಲ್ಲದ ಬರ್ಫ.’

ಈ ಮಾತು ಅಕ್ಷರಶಃ ನಿಜ. ಸುಡದಿದ್ದರೆ ಮಣ್ಣು ಕರಗುವುದು, ಅತಿಯಾಗಿ ಸುಟ್ಟರೆ ಸೂಕ್ಷ್ಮರಂಧ್ರಗಳು ಮುಚ್ಚಿಹೋಗುವುವು. ಹದವಾಗಿ ಸುಟ್ಟ ಹರವಿಯಿಂದ ನೀರು ಒಸರಿ ಹೊರಮೈಯಲ್ಲಿ ಆವಿಯಾಗುವುದು. ಒಂದು ಗ್ರಾಂ ನೀರು ಹೀಗೆ ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿಗಳನ್ನು ಒಳಗಿನ ನೀರಿನಿಂದಲೂ ಸುತ್ತಣ ಗಾಳಿಯಿಂದಲೂ ಕಸಿದುಕೊಂಡು ಹೋಗಬೇಕು. ಒಂದು ಗ್ರಾಂ ಬರ್ಫು ಕರಗುವಾಗ ಹೀರುವುದು 80 ಮಾತ್ರವಷ್ಟೆ. ಹಾಗಾದರೆ ಒಣಗಾಳಿಗೆ ಆರಿಹೋದ ಒಂದು ಹನಿ ನೀರು ಏಳು ಹನಿಯಷ್ಟು ಬರ್ಫಿಗೆ ಸಮ. ಮಂಗಳೂರಿನ ಹಸಿಗಾಳಿಯಲ್ಲಿ ಈ ವಿದ್ಯೆ ನಡೆಯದು; ಅಲ್ಲಿಯ ಗಾಳಿ ಆಗಲೇ ನೀರುಂಡು ತಣಿದಿರುವುದು. ರಾಯಚೂರು ಸೀಮೆಯ ಗಾಳಿ ಹಸಿದ ಗಾಳಿ. ಯಾವ ಒಣಬಿಸಿಲನ್ನು ನಾವು ಬೈಯುವೆವೋ ಅದೇ ಇಲ್ಲಿ ಹರವಿಯನ್ನು ತಂಪಿಡುವುದು. ಆದರೆ ಹರವಿಗೂ ಮುಪ್ಪುಂಟು. ನೀರಿನ ಲವಣಗಳು ರಂಧ್ರಗಳಲ್ಲಿ ಕಟ್ಟಿಕೊಂಡು ಒಂದೆರಡು ಬೇಸಗೆಗಳಲ್ಲಿ ಅದು ಬೆವರುವುದನ್ನು ನಿಲ್ಲಿಸುವುದು; ಆಗ ಅದನ್ನು ಕಾಳು ತುಂಬುವುದಕ್ಕೆ ಇಟ್ಟುಕೊಂಡು ಹೊಸದನ್ನು ತರಬೇಕು.

ಇನ್ನು ಆ ತಾಯಿ ಕಾಫಿ ಮಾಡಿದ ಕ್ರಮವನ್ನು ನಾವು ಅಳತೆಯೊಡನೆ ಗುರುತು ಮಾಡಿಕೊಂಡುದನ್ನು ಬರೆಯುವೆವು. ನಾಲ್ಕು ಜನರಿಗೆ 60 ಗ್ರಾಂ ಪುಡಿ. ಚಿಕೋರಿ ನೂರಕ್ಕೆ ಹದಿನೈದು ಇಪ್ಪತ್ತಕ್ಕಿಂತ ಹೆಚ್ಚಿರಬಾರದು; ಕಾನೂನು 49ರವರೆಗೆ ಬೆರೆಸಲು ಬಿಟ್ಟಿದೆಯಾದರೂ ಅಂಥ ಪುಡಿ ತಣ್ಣಗಾದಾಗ ಸುಟ್ಟ ಬೆಲ್ಲದ ಕಹಿಯನ್ನು ನಾಲಿಗೆಯ ಮೇಲೆ ಬಿಟ್ಟುಹೋಗುವುದು. ಫಿಲ್ಟರಿನ ಮೇಲ್ಬಟ್ಟಲಲ್ಲಿ ಪುಡಿಯನ್ನು ಮೆಲ್ಲಗೆ ಒತ್ತಿ, ಕುದಿದು ಒಂದು ನಿಮಿಷ ಆರಿದ 300 ಗ್ರಾಂ ನೀರನ್ನು ಎರಡು ಸಲವಾಗಿ ಸುರಿಯತಕ್ಕದ್ದು. ಪುಡಿಯು ತನ್ನ ತೂಕದ ಎರಡರಷ್ಟು ನೀರನ್ನು ಇಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು 180 ಗ್ರಾಂ ಮಾತ್ರ. ಕಷಾಯ ಅಷ್ಟು ಗಟ್ಟಿಯಾಗಿಯೇ ಇರಬೇಕು. ಬಿಸಿ ಕಾಫಿಗೆಂದು ಇಳಿಸಿದ ತೆಳು ಕಷಾಯದಿಂದ ತಂಪು ಕಾಫಿ ಮಾಡಹೋಗಬಾರದು.

ಕಷಾಯ ಬಿಸಿಯಾಗಿರುವಾಗಲೇ ಸಕ್ಕರೆ ಹಾಕಿ ಕರಗಿಸಬೇಕು, ನಾಲ್ವರಿಗೆ ಎಂಟು ಚಮಚ. ತಣ್ಣನೆಯದರಲ್ಲಿ ಸಕ್ಕರೆ ಕರಗಲೊಲ್ಲದೆ ತಳದಲ್ಲಿ ಕುಳಿತುಬಿಡುವುದು. ಬಿಸಿ ಕಾಫಿಗಿಂತ ಇದಕ್ಕೆ ಸಿಹಿ ಸ್ವಲ್ಪ ಮುಂದಾಗಿರಬೇಕು, ಏಕೆಂದರೆ ತಂಪಾದ ವಸ್ತುವಿನ ಸಿಹಿ ನಾಲಿಗೆಗೆ ಮಂದವಾಗಿ ತೋರುವುದು. ಆಮೇಲೆ ಕಷಾಯವನ್ನು ತೆಳುವಾದ ಲೋಹದ ಪಾತ್ರೆಗೆ ಬಗ್ಗಿಸಿ, ಮುಚ್ಚಳ ಹಾಕಿ, ಅಗಲವಾದ ಬೋಗುಣಿಯಲ್ಲಿ ಹರವಿಯ ನೀರು ತುಂಬಿ ಅದರ ನಡುವೆ ಇಡುವುದು. ಐದು ನಿಮಿಷದಲ್ಲಿ ಬೋಗುಣಿಯ ನೀರು ಬೆಚ್ಚಗಾಗುವುದು. ಅದನ್ನು ಗಿಡದ ಬುಡಕ್ಕೆ ಚೆಲ್ಲಿ ಬೇರೆ ನೀರು ತುಂಬಬೇಕು. ಹೀಗೆ ಮೂರು ಸಲ ಮಾಡುವುದರೊಳಗೆ ಕಷಾಯ 28 ಡಿಗ್ರಿಗೆ ಇಳಿದಿರುವುದು. ಮುಚ್ಚಳವನ್ನು ಮರೆಯಬಾರದು, ಬಿಸಿ ಕಷಾಯದ ಪರಿಮಳ ಮನೆಯನ್ನೆಲ್ಲ ತುಂಬಿದರೆ ಲೋಟದಲ್ಲಿ ಉಳಿಯುವುದೇನು?

ಹಾಲಿನ ವಿಷಯದಲ್ಲಿ ಈ ಸೀಮೆಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಇಲ್ಲಿ ಹೆಚ್ಚಾಗಿ ದೊರೆಯುವುದು ಎಮ್ಮೆಯ ಹಾಲು. ನೂರಕ್ಕೆ ಆರೇಳು ಪಾಲು ಕೊಬ್ಬಿರುವ ಗಟ್ಟಿ ಹಾಲು. ಬಿಸಿ ಕಾಫಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ತಣ್ಣಗಾದಾಗ ಅದರ ಜಿಡ್ಡು ಹೆಪ್ಪುಗಟ್ಟಿ ಸಣ್ಣ ಸಣ್ಣ ಹರಳುಗಳಾಗಿ ತುಟಿಗೆ ತಗಲುವುದು. ಆದುದರಿಂದ 400 ಗ್ರಾಂ ಹಾಲನ್ನು ಚೆನ್ನಾಗಿ ಕಾಯಿಸಿ, ಕಷಾಯದಂತೆಯೇ ನೀರಿನಲ್ಲಿಟ್ಟು ಆರಿಸಿ, ಮೇಲೆ ಕಟ್ಟಿದ ಕೆನೆಯನ್ನು ಪೂರ್ತಿಯಾಗಿ ತೆಗೆದು, ತೆಳುಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ತೆಗೆದ ಕೆನೆ ಹೆಪ್ಪಿಗೆ ಸೇರಲಿ. ಬಿಸಿ ಹಾಲಿಗೆ ತಣ್ಣನೆಯ ಕಷಾಯವನ್ನಾಗಲಿ, ಬಿಸಿ ಕಷಾಯಕ್ಕೆ ತಣ್ಣನೆಯ ಹಾಲನ್ನಾಗಲಿ ಬೆರೆಸದೆ, ಎರಡನ್ನೂ ಬೇರೆ ಬೇರೆಯಾಗಿ ಆರಿಸಿ ಕೊನೆಯ ಗಳಿಗೆಯಲ್ಲಿ ಕೂಡಿಸುವುದು ಆ ಮನೆಯ ಪದ್ಧತಿ. ಎರಡು ಪಾತ್ರೆಗಳಿಂದ ನಾಲ್ಕಾರು ಸಲ ಎತ್ತಿ ಹುಯ್ದಾಗ ಎದ್ದ ನೊರೆಯೊಡನೆ ಅದನ್ನು ಕಂಚಿನ ಲೋಟಗಳಲ್ಲಿ ಕೊಟ್ಟರು. ಒಂದು ಚೂರೂ ಬರ್ಫಿರಲಿಲ್ಲ. ಹಲ್ಲು ಜುಮ್ಮೆನ್ನುವಂಥ ತಂಪಲ್ಲ ಅದು. ಆದರೆ ಬಿಸಿಲಿನಲ್ಲಿ ಬೆಂದು ಬಂದ ಗಂಟಲಿಗೆ ಬಹಳ ಹಿತವಾಗಿತ್ತು. ಕಾಫಿ ಕಾಫಿಯಾಗಿಯೇ ಇತ್ತು.

ಮಾನವಿಯಿಂದ ಬಡಗಲಿಗೆ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ದಾರಿಯೆಂದರೆ ತುಂಗಭದ್ರೆಯ ಮಗ್ಗುಲಿನಿಂದ ಕೃಷ್ಣೆಯ ಮಗ್ಗುಲಿಗೆ ಎಡೆದೊರೆಯನ್ನು ಅಡ್ಡಹಾಯ್ದಂತೆ. ದೇವದುರ್ಗ ಹಿಂದೆ ಬೇಡ ನಾಯಕರ ಕೋಟೆಯಿದ್ದ ಸ್ಥಳ. ಇದರ ತಾಲ್ಲೂಕಿನಲ್ಲಿಯೇ ಗೋಪಾಲದಾಸರು ಹುಟ್ಟಿದ ಮೊಸರಕಲ್ಲು. ಊರಿನ ಹೆಸರನ್ನು ಕೇಳಿದರೇ ಬಾಯಾರಿಕೆ ಅರ್ಧ ಅಡಗುವುದು. ನಿಜ ಹೇಳಬೇಕೆಂದರೆ ಈ ಹಳ್ಳಿಗಳಲ್ಲಿ ಬೇಸಗೆಯ ರಾಜ್ಯಭಾರವೆಲ್ಲ ಮಜ್ಜಿಗೆಯದೂ ಜೋಳದ ಅಂಬಲಿಯದೂ ಆಗಿದೆ. ಹೊಲದಿಂದ ಬಂದವರಿಗೆ ಅವುಗಳ ಸ್ಥಾನವನ್ನು ಕಾಫಿ ಕಸಿದುಕೊಳ್ಳಲಾರದು, ಕಸಿದುಕೊಳ್ಳುವುದೂ ಬೇಡ. ಕಾಫಿಯಿರುವುದು ಮಧ್ಯಾಹ್ನದ ತೂಕಡಿಕೆ ಕಳೆದ ಮೇಲೆ ನಾಲ್ಕು ಮಾತು ಆಡುವ ಹೊತ್ತಿಗೆ.

ದೇವದುರ್ಗದಲ್ಲಿ ನಾವು ತಂಗಿದ್ದ ಮನೆಯಲ್ಲಿ ಶೀತಪೆಟ್ಟಿಗೆಯಿತ್ತು. ಆದರೆ ಕೊಳವೆಬಾವಿಯ ನೀರು ಸವಳು. ಮೊದಲ ದಿನ ಆ ನೀರಿನಲ್ಲಿಯೇ ಇಳಿಸಿದ ಕಷಾಯ ಕಣ್ಣಿಗೆ ಕಪ್ಪಾಗಿದ್ದರೂ ಬಾಯಿಗೆ ಸಪ್ಪೆಯಾಗಿತ್ತು. ಕಾಫಿಯ ಜೀವವೆಲ್ಲ ಅದರ ಒಂದು ಬಗೆಯ ನವುರಾದ ಹುಳಿಯಲ್ಲಿರುವುದು. ಗಡಸುನೀರಿನಲ್ಲಿ ಕರಗಿರುವ ಕ್ಷಾರವು ಆ ಹುಳಿಯನ್ನು ಕೊಂದುಬಿಡುವುದು. ಬಿಸಿ ಕಾಫಿಯಲ್ಲಿ ಈ ದೋಷವನ್ನು ಬಿಸಿಯೂ ಪರಿಮಳವೂ ಮುಚ್ಚುವುವು, ತಣ್ಣಗಾದರೆ ಬಯಲಾಗುವುದು. ಮನೆಯ ಸೊಸೆ ಇದಕ್ಕೆ ತಕ್ಕ ಉಪಾಯವನ್ನು ತಿಳಿದಿದ್ದಳು. ಕಾಫಿಗೆ ಬೇಕಾದ ನೀರನ್ನು ಹಿಂದಿನ ರಾತ್ರಿಯೇ ಹತ್ತು ನಿಮಿಷ ಕುದಿಸಿ, ಅಲುಗಿಸದೆ ಬಿಟ್ಟು, ಬೆಳಿಗ್ಗೆ ತಳದಲ್ಲಿ ಕುಳಿತ ಬಿಳಿಯ ಸುಣ್ಣವನ್ನು ಬಿಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳುತ್ತಿದ್ದಳು. ಗಡಸಿನ ಒಂದು ಭಾಗ ಹೀಗೆ ಕುದಿಯುವುದರಿಂದಲೇ ಕಳೆಯುವುದು. ಉಪ್ಪು ಮಾತ್ರ ಕುದಿಸಿದರೆ ಹೋಗದು, ಇನ್ನೂ ಹೆಚ್ಚುವುದು. ಅಂಥ ನೀರಿರುವವರು ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕೊಡ ತಂದು ಕಾಫಿಗೆಂದು ಎತ್ತಿಡುವುದು ಲೇಸು.

ಬರ್ಫಿನ ವಿಷಯದಲ್ಲಿಯೂ ಆಕೆ ನಮಗೆ ಒಂದು ಒಳ್ಳೆಯ ಪಾಠವನ್ನು ಹೇಳಿಕೊಟ್ಟಳು. ‘ನೀರಿನ ಬರ್ಫ ಯಾಕ್ರಿ ಹಾಕ್ಬೇಕು? ಕಾಫೀನ ಬರ್ಫ ಮಾಡ್ರಿ’ ಎಂದಳು. ಮೊದಲ ಕಷಾಯ ಇಳಿದ ಮೇಲೆ ಅದೇ ಪುಡಿಗೆ ಇನ್ನಷ್ಟು ಬಿಸಿನೀರು ಸುರಿದು ಇಳಿಸಿದ ಎರಡನೆಯ ಕಷಾಯವನ್ನು ಚೆಲ್ಲದೆ, ಆರಿಸಿ, ಶೀತಪೆಟ್ಟಿಗೆಯ ಗುಳಿತಟ್ಟೆಯಲ್ಲಿ ಹೆಪ್ಪುಗಟ್ಟಿಸುವಳು. ಈ ಕಪ್ಪು ಗಡ್ಡೆಗಳು ಕರಗಿದಷ್ಟೂ ಕಾಫಿಗೆ ಕಾಫಿಯೇ ಸೇರುವುದಲ್ಲದೆ ನೀರು ಸೇರದು. ಕುದಿಸಿದ ನೀರಿನಿಂದಲೇ ಮಾಡಿದುದಾದ್ದರಿಂದ ಕ್ರಿಮಿಯ ಭಯವೂ ಇಲ್ಲ. ನಾಲ್ಕು ಲೋಟಗಳಿಗೆ 150 ಗ್ರಾಂ ಎಂದು ಮೇಲೆ ಹೇಳಿದ ಲೆಕ್ಕವೇ ಇದಕ್ಕೂ ಸಾಕು. ದೊಡ್ಡ ಪೇಟೆಗಳ ಕಾಫಿಗೃಹಗಳಲ್ಲಿ ಇದನ್ನು ಹೊಸ ಆವಿಷ್ಕಾರವೆಂದು ಮಾರುವರಂತೆ; ದೇವದುರ್ಗದ ಈ ಅಡಿಗೆಮನೆಯಲ್ಲಿ ಅದು ಎರಡನೆಯ ಕಷಾಯವನ್ನು ಹಾಳುಮಾಡಬಾರದೆಂಬ ಮಿತವ್ಯಯದಿಂದ ಹುಟ್ಟಿತ್ತು.

ಆದರೆ ಶೀತಪೆಟ್ಟಿಗೆಯನ್ನು ನಂಬಿ ಹರವಿಯನ್ನು ಮರೆಯುವಂತಿಲ್ಲ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾದಂದಿನಿಂದ ನಾಡಿಗೆಲ್ಲ ವಿದ್ಯುತ್ತನ್ನು ಹಂಚಿದ ಜಿಲ್ಲೆ ಇದು. ನಾವಿದ್ದ ಎರಡು ದಿನಗಳಲ್ಲಿ ದೇವದುರ್ಗದ ಆ ಬೀದಿಯಲ್ಲಿ ದೀಪ ಹೋಗಿ ಬರುವುದನ್ನು ಎಣಿಸುವುದನ್ನೇ ಬಿಟ್ಟೆವು. ಎರಡನೆಯ ದಿನ ಮಧ್ಯಾಹ್ನ ಗುಳಿತಟ್ಟೆಯ ಕಾಫಿ ಅರೆಬರೆ ನೀರಾಗಿತ್ತು. ಹೀಗೆ ಒಮ್ಮೆ ಕರಗಿದುದನ್ನು ಮತ್ತೆ ಹೆಪ್ಪುಗಟ್ಟಿಸದೆ ಅಂದೇ ಬಳಸಿಬಿಡಬೇಕು. ಹಾಲು ಬೆರೆಸಿದ ಕಾಫಿಯನ್ನಂತೂ ಈ ಬಿಸಿಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಕೆಟ್ಟುದು ವಾಸನೆಯಿಂದ ತಿಳಿಯುವ ಹೊತ್ತಿಗೆ ಮಗು ಕುಡಿದು ಮುಗಿಸಿರುವುದು.

ಬಿಸಿನೀರನ್ನೇ ಬಳಸದೆ ದಪ್ಪಗೆ ಬೀಸಿದ ಪುಡಿಯನ್ನು ತಣ್ಣೀರಿನಲ್ಲಿ ಹನ್ನೆರಡು ಗಂಟೆ ನೆನೆಯಿಟ್ಟು ಸೋಸುವ ಇನ್ನೊಂದು ಕ್ರಮವೂ ಈಚೆಗೆ ಬಳಕೆಗೆ ಬಂದಿದೆ. ಅದರ ಕಷಾಯದಲ್ಲಿ ಕಹಿ ಕಡಮೆ, ಪರಿಮಳವೂ ಕಡಮೆ. ನೀರನ್ನು ಮೊದಲೇ ಕುದಿಸಿ ಆರಿಸಿ, ಶೀತಪೆಟ್ಟಿಗೆಯೊಳಗೇ ನೆನೆಯಿಡಬಲ್ಲವರು ಅದನ್ನು ಮಾಡಿ ನೋಡಬಹುದು. ಫಿಲ್ಟರಿನ ಕಷಾಯಕ್ಕೆ ಒಗ್ಗಿದ ನಮ್ಮ ನಾಲಿಗೆಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ದೇವದುರ್ಗದಿಂದ ರಾಯಚೂರಿಗೆ ಗಬ್ಬೂರಿನ ಮೇಲೆ ಹಿಂದಿರುಗಿದೆವು. ಹೊರಡುವಾಗ ಆ ಮನೆಯವರು ಸಕ್ಕರೆ ಹಾಕಿದ ಗಟ್ಟಿ ಕಷಾಯವನ್ನು, ಹಾಲು ಬೆರೆಸದೆ, ಒಂದು ಸೀಸೆಯಲ್ಲಿ ತುಂಬಿಕೊಟ್ಟರು. ಅದಕ್ಕೆ ಹಳೆಯ ಪಂಚೆಯ ತುಂಡನ್ನು ಮೂರು ಸುತ್ತು ಸುತ್ತಿ ನೀರಿನಲ್ಲಿ ಅದ್ದಿ, ‘ಕಿಡಕಿ ಬದಿ ಇಟಗೋರಿ, ಗಾಳಿ ಬಡೀಲಿ’ ಎಂದರು. ಬಸ್ಸಿನಲ್ಲಿ ಬೀಸುತ್ತಿದ್ದುದು ಒಲೆಯ ಬಾಯಿಂದ ಬಂದಂಥ ಗಾಳಿ. ಗಬ್ಬೂರಿನಲ್ಲಿ ಇಳಿದು ಗುಡಿಗಳನ್ನು ನೋಡಿ, ದಾರಿಬದಿಯ ಅರವಟ್ಟಿಗೆಯಲ್ಲಿ ಬಟ್ಟೆಯನ್ನು ಇನ್ನೊಮ್ಮೆ ನೆನೆಸಿಕೊಂಡೆವು. ರಾಯಚೂರನ್ನು ಸೇರುವ ಹೊತ್ತಿಗೆ ಬಟ್ಟೆ ಒಣಗಿ ಹಪ್ಪಳವಾಗಿತ್ತು. ಸೀಸೆಯನ್ನು ಕೆನ್ನೆಗೆ ಒತ್ತಿಕೊಂಡ ಎದುರು ಆಸನದ ಹುಡುಗಿ ಅದನ್ನು ಹಿಂದಿರುಗಿಸಲು ಒಪ್ಪಲಿಲ್ಲ. ಅವಳಿಗೆ ಅರ್ಧ ಲೋಟ ಕೊಟ್ಟು ಉಳಿದುದನ್ನು ನಿಲ್ದಾಣದಲ್ಲಿ ನಾವು ಕುಡಿದೆವು.